ಮನೆಗೆ ಬುದ್ಧಿ ಕಲಿಸುವ ಬಗೆ

ಮೈಸೂರಿನಲ್ಲಿ ನನ್ನ ಅಕ್ಕ ಒಬ್ಬಳೇ ಇದ್ದಾಳೆ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಹಳೆಯ ಹೆಂಚಿನ ಮನೆಯನ್ನು ಬಿಟ್ಟು ಮಗನ ಊರಿಗೆ ಹೋಗಲೊಲ್ಲಳು. ಅವಳು ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಉದ್ದನೆಯ ನಡುಮನೆ. ದೀಪದ ಸ್ವಿಚ್ಚು ಅದರ ಆಚೆಯ ತುದಿಯಲ್ಲಿ. ಕಳೆದ ವರ್ಷ ಒಂದು ರಾತ್ರಿ ಕತ್ತಲಲ್ಲಿ ಹೊಸ್ತಿಲು ಎಡವಿ ಬಿದ್ದಳು. ಮೂಳೆ ಮುರಿಯಲಿಲ್ಲವೆಂಬುದೇ ಪುಣ್ಯ. ಮರುವಾರ ಮಗ ಬಂದು, ಫೋನಿನ ಅಪ್ಪಣೆಗೆ ಹತ್ತಿ ಆರುವ ದೀಪಗಳನ್ನು ಹಾಕಿ, ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿ, "ಎಷ್ಟು ಸುಲಭ ನೋಡಮ್ಮ" ಎಂದು ಹೇಳಿ ಹೊರಟುಹೋದ.

ಎರಡು ತಿಂಗಳ ಬಳಿಕ ವೈಫೈ ರೌಟರ್ ಕೆಟ್ಟಿತು. ಹೊಸ ರೌಟರಿಗೆ ಹೊಸ ಹೆಸರು, ಹೊಸ ಪಾಸ್‌ವರ್ಡ್. ದೀಪಗಳಿಗೆ ಅದರ ಪರಿಚಯವಿಲ್ಲ. ಪರಿಚಯ ಮಾಡಿಸಬೇಕಾದ ಖಾತೆಯಾದರೋ ಮಗನ ಹೆಸರಿನಲ್ಲಿದೆ. ಅವನು ಆಗ ಹೊರದೇಶದಲ್ಲಿದ್ದ. ಅಕ್ಕ ನನಗೆ ಫೋನು ಮಾಡಿ, "ನನ್ನ ಮನೆ ದೀಪ ಹಚ್ಚೋದಕ್ಕೆ ಮಗನ ಅಪ್ಪಣೆ ಬೇಕೇನೋ?" ಎಂದಳು.

ಆ ಪ್ರಶ್ನೆಯಿಂದಲೇ ನನ್ನ ಅಭ್ಯಾಸ ಮೊದಲಾಯಿತು. ಸ್ಮಾರ್ಟ್ ಹೋಮ್ ಎಂಬ ಈ ವಿದ್ಯೆಯಲ್ಲಿ ಹಲವು ಪಂಥಗಳಿವೆ. ಅವುಗಳಲ್ಲಿ ಯಾವುದನ್ನು ಮನೆಗೆ ತರುವುದು ಸುಲಭ?

ಅಮೆಜಾನ್ ಕಂಪನಿ 2014ರಲ್ಲಿ ಎಕೋ ಎಂಬ ಮಾತನಾಡುವ ಸ್ಪೀಕರನ್ನು ಹೊರತಂದಿತು. ಅದರೊಳಗಿನ ದನಿಯೇ ಅಲೆಕ್ಸಾ. ಗೂಗಲ್ 2016ರಲ್ಲಿ ತನ್ನ ಹೋಮ್ ಸ್ಪೀಕರಿನೊಡನೆ ಬಂತು. ಇವೆರಡರ ಆರಂಭವೂ ನಯವಾದುದು. ಖಾತೆ ತೆರೆದು, ಸ್ಪೀಕರನ್ನು ವೈಫೈಗೆ ಸೇರಿಸಿ, ಕೋಣೆಗಳಿಗೆ ಹೆಸರಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ. ತೊಡಕು ಎದುರಾಗುವುದು ಬೇರೆ ಕಂಪನಿಯ ದೀಪವನ್ನು ಕೂಡಿಸುವಾಗ. ಎಷ್ಟೋ ವೇಳೆ ಮೊದಲು ದೀಪದ ಕಂಪನಿಯ ಆ್ಯಪ್, ಅಲ್ಲೊಂದು ಖಾತೆ, ಆಮೇಲೆ ಆ ಖಾತೆಗೂ ಈ ಖಾತೆಗೂ ಬೆಸುಗೆ. ಹೀಗೆ ಬೆಸೆದ ದೀಪಕ್ಕೆ ನಾವಾಡಿದ ಮಾತು ಸಾಮಾನ್ಯವಾಗಿ ಎರಡು ಕಂಪನಿಗಳ ದೂರದ ಸರ್ವರುಗಳನ್ನು ಸುತ್ತಿಕೊಂಡು, ಮತ್ತೆ ಅದೇ ಕೋಣೆಗೆ ಹಿಂದಿರುಗಿ ದೀಪ ಹಚ್ಚುತ್ತದೆ. ಸಾಲದುದಕ್ಕೆ, ಅಗ್ಗದ ದೀಪಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಬಲ್ಲವು. ಫೋನು 5 ಗಿಗಾಹರ್ಟ್ಸ್‌ನಲ್ಲಿದ್ದರೆ ಕೆಲವೊಮ್ಮೆ ಒಂದಕ್ಕೊಂದು ಕಾಣುವುದೇ ಇಲ್ಲ. ಇಷ್ಟನ್ನು ತಿಳಿಯದೆ ನಾನು ಒಂದು ಸಂಜೆಯನ್ನೆಲ್ಲ ಕಳೆದೆ.

ಆಪಲ್ ಕಂಪನಿಯ ಹೋಮ್‌ಕಿಟ್ 2014ರಲ್ಲಿ ಪ್ರಕಟವಾಯಿತು. ಸಾಧನದ ಮೇಲೆ ಮುದ್ರಿಸಿದ 8 ಅಂಕಿಗಳ ಸಂಕೇತವನ್ನು ಫೋನಿಗೆ ತೋರಿಸಿದರೆ ಸಾಕು, ಸಂಬಂಧ ಕೂಡಿತು. ಇದಕ್ಕಿಂತ ಅಚ್ಚುಕಟ್ಟಾದ ವಿಧಾನವನ್ನು ನಾನು ಕಾಣೆ. ಆದರೆ ಮನೆಯವರ ಕೈಯಲ್ಲಿ ಅದೇ ಕಂಪನಿಯ ಫೋನಿರಬೇಕು; ದೀಪಗಳು ತಾವಾಗಿ ಹೊತ್ತುಹೊತ್ತಿಗೆ ಹತ್ತಿ ಆರಬೇಕಾದರೆ ಅದರದೇ ಹೋಮ್‌ಪಾಡ್ ಅಥವಾ ಆಪಲ್ ಟಿವಿ ಮನೆಯಲ್ಲಿರಬೇಕು. ಬಾಗಿಲು ಸುಂದರವಾಗಿದೆ, ಪ್ರವೇಶಶುಲ್ಕ ಮಾತ್ರ ದೊಡ್ಡದು. 2012ರಲ್ಲಿ ಜನರಿಂದ ಹಣ ಕೂಡಿಸಿ ಹುಟ್ಟಿ, 2014ರಲ್ಲಿ ಸ್ಯಾಮ್‌ಸಂಗ್ ಪಾಲಾದ ಸ್ಮಾರ್ಟ್‌ಥಿಂಗ್ಸ್ ಈ ವಿಷಯದಲ್ಲಿ ಉದಾರಿ. ಅನೇಕ ಕಂಪನಿಗಳ ಸಾಧನಗಳನ್ನು ಒಂದೇ ಸೂರಿನಡಿ ಸೇರಿಸಿಕೊಳ್ಳುತ್ತದೆ. ಆದರೆ ಸೂರು ದೊಡ್ಡದಾದಷ್ಟೂ ಕಲಿಯಬೇಕಾದುದೂ ಹೆಚ್ಚು.

ಇವೆಲ್ಲಕ್ಕಿಂತ ಭಿನ್ನವಾದುದು ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಕೌಟ್ಸನ್ ಎಂಬವರು 2013ರಲ್ಲಿ ಆರಂಭಿಸಿದ ಈ ತಂತ್ರಾಂಶ ಉಚಿತ. ಅದರ ಮೂಲ ಬರಹ ಎಲ್ಲರಿಗೂ ತೆರೆದದ್ದು. ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರಿನಲ್ಲಿ ಅದನ್ನು ನಾವೇ ಸ್ಥಾಪಿಸಬೇಕು: ಮೆಮೊರಿ ಕಾರ್ಡಿಗೆ ಬರೆಯಬೇಕು, ರೌಟರಿಗೆ ತಂತಿ ಜೋಡಿಸಬೇಕು, ಕಾಯಬೇಕು, ತಪ್ಪಬೇಕು, ತಿದ್ದಬೇಕು. ಸಿದ್ಧಪೆಟ್ಟಿಗೆಯೂ ದೊರೆಯುತ್ತದಾದರೂ ಇದು ಆಸಕ್ತರ ಹಾದಿಯೇ ಸರಿ. ಇಷ್ಟು ಶ್ರಮಕ್ಕೆ ಪ್ರತಿಫಲವೆಂದರೆ, ಸರಿಯಾದ ಸಾಧನಗಳನ್ನು ಆರಿಸಿಕೊಂಡಲ್ಲಿ ದೀಪಕ್ಕೆ ಆಡಿದ ಮಾತು ಮನೆಯ ಹೊಸ್ತಿಲು ದಾಟುವುದಿಲ್ಲ. ಇಂಟರ್‌ನೆಟ್ ನಿಂತರೂ ದೀಪ ನಿಲ್ಲದು.

ಮೊದಲ ದಿನದ ನಿಮಿಷಗಳನ್ನಷ್ಟೇ ಎಣಿಸಿ ಅಂಕ ಕೊಡುವುದಾದರೆ ಹೋಮ್ ಅಸಿಸ್ಟೆಂಟ್ ಕೊನೆಯ ಬೆಂಚಿನ ವಿದ್ಯಾರ್ಥಿ. ಆದರೆ ಮನೆಯೆಂಬುದು ಒಂದು ದಿನದ ಪರೀಕ್ಷೆಯಲ್ಲ. ರಿವಾಲ್ವ್ ಎಂಬ ಸಾಧನವನ್ನು ಸುಲಭವೆಂದೇ ಜನ ಕೊಂಡಿದ್ದರು. ಗೂಗಲ್‌ಗೆ ಸೇರಿದ ನೆಸ್ಟ್ ಆ ಕಂಪನಿಯನ್ನು 2014ರಲ್ಲಿ ಕೊಂಡಿತು; 2016ರ ಮೇ ತಿಂಗಳಲ್ಲಿ ಅದರ ಸೇವೆ ನಿಂತು, ಕೊಂಡವರ ಮನೆಯಲ್ಲಿ ಪೆಟ್ಟಿಗೆ ಮಾತ್ರ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಮೌನವಾದವು. ಅದೇ ವರ್ಷ ಅದರ ಗ್ರಾಹಕರೇ ಕೆಲವರು ಕಂಪನಿಯನ್ನು ಕೊಂಡು ಜೀವ ತುಂಬಬೇಕಾಯಿತು. ಸುಲಭವೆನ್ನಿಸಿಕೊಳ್ಳುವ ವ್ಯವಸ್ಥೆ ಕಷ್ಟವನ್ನು ಇಲ್ಲವಾಗಿಸುವುದಿಲ್ಲ, ನಮಗೆ ಕಾಣದ ಕಡೆ ಇಡುತ್ತದೆ. ಮಗ ದೂರವಾದಾಗ, ಕಂಪನಿ ಮುಚ್ಚಿದಾಗ, ಅದು ಹೊರಗೆ ಬರುತ್ತದೆ.

ನಮ್ಮ ಮನೆಗಳ ಬಲ್ಬಿನ ಹೋಲ್ಡರನ್ನೇ ನೋಡಿ. ಎರಡು ಪಿನ್ನಿನ ಬಲ್ಬು ಯಾವ ಕಂಪನಿಯದಾದರೂ ಒತ್ತಿ ತಿರುಗಿಸಿದರೆ ಕೂರುತ್ತದೆ. ಅದಕ್ಕೆ ಖಾತೆ ಬೇಕಿಲ್ಲ. ಮಾತಿಗೂ ಇಂಥದೊಂದು ಹೋಲ್ಡರ್ ಬೇಕೆಂಬ ಅರಿವು ಪ್ರತಿಸ್ಪರ್ಧಿಗಳಿಗೂ ಬಂತು. ಅಮೆಜಾನ್, ಆಪಲ್, ಗೂಗಲ್ ಮತ್ತು ಜಿಗ್‌ಬೀ ಒಕ್ಕೂಟ 2019ರ ಡಿಸೆಂಬರಿನಲ್ಲಿ ಕೈಗೂಡಿಸಿದುದರ ಫಲವೇ ಮ್ಯಾಟರ್ ಎಂಬ ಸಮಾನ ನಿಯಮಾವಳಿ. ಅದರ ಮೊದಲ ಆವೃತ್ತಿ 2022ರ ಅಕ್ಟೋಬರಿನಲ್ಲಿ ಹೊರಬಂತು. ಮ್ಯಾಟರ್ ಗುರುತಿನ ದೀಪವನ್ನು ಒಂದು ಕ್ಯೂಆರ್ ಚೌಕದಿಂದ ಅಥವಾ 11 ಅಂಕಿಗಳ ಸಂಕೇತದಿಂದ ಸೇರಿಸಿಕೊಳ್ಳಬಹುದು. ಒಂದೇ ದೀಪ ಏಕಕಾಲದಲ್ಲಿ ಎರಡು ಮೂರು ವ್ಯವಸ್ಥೆಗಳ ಮಾತು ಕೇಳಬಲ್ಲದು. ಆದರೂ ಸಾಮಾನ್ಯವಾಗಿ ಪ್ರತಿ ವ್ಯವಸ್ಥೆಗೂ ತನ್ನದೇ ಕೇಂದ್ರಸಾಧನ ಬೇಕಾಗುತ್ತದೆ. ಖಾತೆಗಳ ಕಾಟ ಪೂರ್ತಿ ತಪ್ಪಿಲ್ಲ.

ಕೊನೆಗೆ ಅಕ್ಕನ ಮನೆಗೆ ಮ್ಯಾಟರ್ ಗುರುತಿನ ಎರಡು ದೀಪಗಳನ್ನೂ, ನಡೆದಾಟವನ್ನು ಅರಿಯುವ ಒಂದು ಸೆನ್ಸರನ್ನೂ, ಅವನ್ನು ನಡೆಸುವ ಒಂದು ಸ್ಪೀಕರನ್ನೂ ತಂದೆವು. ಖಾತೆಯನ್ನು ಅವಳ ಹೆಸರಿನಲ್ಲೇ, ಅವಳ ಫೋನಿನಲ್ಲೇ ತೆರೆದೆವು. ನಾನು ಬಾಯಲ್ಲಿ ಹೇಳುತ್ತಿದ್ದೆ, ಬೆರಳಿಟ್ಟವಳು ಅವಳು. ಕ್ರಮವನ್ನೆಲ್ಲ ತನ್ನ ದುಂಡಕ್ಷರದಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದಳು. ಕೊನೆಯ ಸಾಲು: "ಏನೂ ಕೇಳದಿದ್ದರೆ ಗೋಡೆಯ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕುವುದು, ದೀಪ ಹತ್ತುತ್ತದೆ." ಸಂಕೇತಗಳ ಚೀಟಿಗಳು ಪಡಿತರ ಚೀಟಿಯ ಜೊತೆಗೆ ಡಬ್ಬಿ ಸೇರಿದವು.

ಹೋದ ತಿಂಗಳು ಅವಳ ಫೋನು ಬಂತು. "ಒಂದು ಬಲ್ಬು ಹೋಗಿತ್ತು ಕಣೋ. ಹೊಸದು ತಂದು ನಾನೇ ಸೇರಿಸಿದೆ. ಮೊದಲ ಸಲ ಒಂದು ಅಂಕಿ ತಪ್ಪು ಒತ್ತಿದೆ, ತಕ್ಷಣ ಒಪ್ಪೋದಿಲ್ಲ ಅಂತು. ಹೇಗೆ ಗೊತ್ತಾಯ್ತೋ ಅದಕ್ಕೆ?"

ಆ ಸಂಕೇತದ ಕೊನೆಯ ಅಂಕಿ ಉಳಿದ ಹತ್ತರ ಲೆಕ್ಕ ಸರಿಯೇ ಎಂದು ನೋಡುವ ತಾಳೆಯ ಅಂಕಿ ಎಂದೆ. ಗಣಿತದ ಮೇಡಂ ಹಿಗ್ಗಿದಳು. ಅದರ ಸೂತ್ರ ತಿಳಿದು ಹೇಳೆಂದು ಆಜ್ಞೆಯೂ ಆಯಿತು.

"ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದೆ.

"ಅರ್ಧ ಗಂಟೆ."

ಮಗ ಮುಗಿಸಿದ್ದುದು ಹತ್ತು ನಿಮಿಷದಲ್ಲಿ. ಆದರೂ ಎರಡರಲ್ಲಿ ಸುಲಭವಾದುದು ಆ ಅರ್ಧ ಗಂಟೆಯೇ ಎಂದು ನನಗೆ ತೋರುತ್ತದೆ.