ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆ: ಒಮ್ಮೆ ತೆರೆದು ನೋಡಿ

ಮಕ್ಕಳು ದಿನಕ್ಕೆ ಆರೇಳು ಗಂಟೆ ಶಾಲೆಯಲ್ಲಿರುತ್ತಾರೆ. ಓಡುತ್ತಾರೆ, ಬೀಳುತ್ತಾರೆ, ಮೊಣಕಾಲು ತರಚಿಕೊಳ್ಳುತ್ತಾರೆ. ಕಬಡ್ಡಿ, ಕೊಕ್ಕೊ ಆಡುವಾಗ ಕೈ ಮುರಿದುಕೊಳ್ಳುವವರುಂಟು. ಬೆಳಿಗ್ಗೆ ತಿಂಡಿ ತಿನ್ನದೆ ಬಂದು ಪ್ರಾರ್ಥನೆಯ ಸಾಲಿನಲ್ಲೇ ತಲೆ ತಿರುಗಿ ಬೀಳುವವರುಂಟು. ಬಿಸಿಯೂಟದ ಸಾರು ಕೈಮೇಲೆ ಚೆಲ್ಲಬಹುದು, ಕೈವಾರದ ಮೊನೆ ಚುಚ್ಚಬಹುದು, ಗೇಟಿನ ಹೊರಗೆ ನಾಯಿ ಕಚ್ಚಬಹುದು. ಇಂಥ ಹೊತ್ತಿನಲ್ಲಿ ಮಗುವಿನ ಹತ್ತಿರ ಇರುವವರು ಶಿಕ್ಷಕರು. ವೈದ್ಯರ ಕೈಗೆ ಮಗು ಸೇರುವವರೆಗಿನ ಜವಾಬ್ದಾರಿ ಅವರದು. ಅವರ ಕೈಗೆ ಒಂದು ಸರಿಯಾದ ಪೆಟ್ಟಿಗೆ ಸಿಗಬೇಕು.

ಪೆಟ್ಟಿಗೆಯೇನೋ ಅನೇಕ ಶಾಲೆಗಳಲ್ಲಿ ಇರುತ್ತದೆ. ಆದರೆ ಅದಕ್ಕೆ ಬೀಗ ಹಾಕಿರುತ್ತದೆ, ಬೀಗದ ಕೈ ಅಂದು ರಜೆ ಹಾಕಿದವರ ಬಳಿ ಇರುತ್ತದೆ. ತೆರೆದು ನೋಡಿದರೆ ಒಣಗಿದ ಟಿಂಕ್ಚರ್ ಸೀಸೆ, ಧೂಳು ಹಿಡಿದ ಹತ್ತಿ, ಹಳದಿ ಬಣ್ಣಕ್ಕೆ ತಿರುಗಿದ ಬ್ಯಾಂಡೇಜು, ಅವಧಿ ಮುಗಿದ ನಾಲ್ಕು ಮಾತ್ರೆ. ತಪಾಸಣೆಗೆ ಬಂದ ಅಧಿಕಾರಿಗೆ ತೋರಿಸಲು ಇಷ್ಟು ಸಾಕಾಗಬಹುದು. ರಕ್ತ ಸುರಿಸುತ್ತಾ ಬಂದ ಮಗುವಿಗೆ ಸಾಕಾಗದು. ನೀವು ಶಿಕ್ಷಕರಾಗಿರಲಿ, ಪೋಷಕರಾಗಿರಲಿ, ಶಾಲಾಭಿವೃದ್ಧಿ ಸಮಿತಿಯ ಸದಸ್ಯರಾಗಿರಲಿ, ಈ ವಾರ ನಿಮ್ಮ ಶಾಲೆಯ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿ.

ಎಷ್ಟು ಪೆಟ್ಟಿಗೆ? ಎಲ್ಲಿ?

ಕಾರ್ಖಾನೆಗಳಲ್ಲಿ 150 ಕೆಲಸಗಾರರಿಗೆ ಒಂದಕ್ಕೆ ಕಡಿಮೆಯಿಲ್ಲದಂತೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು, ತರಬೇತಿ ಪಡೆದವರೊಬ್ಬರು ಅದನ್ನು ನೋಡಿಕೊಳ್ಳಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು. ದೊಡ್ಡವರಿಗೇ ಇಷ್ಟು ಬೇಕೆಂದಾದರೆ ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಾಕೆನ್ನುವುದು ಸರಿಯಲ್ಲ. ನೂರೈವತ್ತು ಮಕ್ಕಳಿಗೆ ಒಂದು ಎಂಬ ಲೆಕ್ಕವನ್ನು ಶಾಲೆಗಳೂ ಇಟ್ಟುಕೊಳ್ಳಬಹುದು. ಶಾಲಾ ವಾಹನದಲ್ಲಿ ಪ್ರತ್ಯೇಕ ಪೆಟ್ಟಿಗೆ ಇರಲೇಬೇಕು. ಇವಲ್ಲದೆ ಪ್ರಯೋಗಶಾಲೆಗೆ ಒಂದು, ಅಡುಗೆ ಮನೆಗೆ ಒಂದು, ಆಟದ ಮೈದಾನಕ್ಕೂ ಪ್ರವಾಸಕ್ಕೂ ಒಯ್ಯಲು ಒಂದು ಸಣ್ಣ ಚೀಲ ಇದ್ದರೆ ಒಳ್ಳೆಯದು.

ಪೆಟ್ಟಿಗೆ ಧೂಳು, ನೀರು ಒಳಹೋಗದಂತಿರಲಿ. ಪುಟ್ಟ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಬಿಸಿಲು ಬೀಳದ ಕಡೆ ಇರಲಿ. ಬೀಗ ಬೇಡ, ಚಿಲಕ ಸಾಕು. ಪೆಟ್ಟಿಗೆಯ ಮೇಲೆ ಬಿಳಿ ಬಣ್ಣದಲ್ಲಿ ಕೆಂಪು ಶಿಲುಬೆ ಬರೆಸುವ ರೂಢಿಯಿದೆ. ಆದರೆ ಆ ಚಿಹ್ನೆ ರೆಡ್ ಕ್ರಾಸ್ ಸಂಸ್ಥೆಗೆ ಮತ್ತು ಸೇನೆಯ ವೈದ್ಯಕೀಯ ಸೇವೆಗೆ ಮೀಸಲು. ಬೇರೆಯವರು ಅನುಮತಿಯಿಲ್ಲದೆ ಬಳಸುವುದನ್ನು 1960ರ ಜಿನೀವಾ ಒಪ್ಪಂದಗಳ ಕಾಯ್ದೆ ತಡೆಯುತ್ತದೆ. ಹಸಿರು ಹಿನ್ನೆಲೆಯಲ್ಲಿ ಬಿಳಿ ಶಿಲುಬೆ ಪ್ರಥಮ ಚಿಕಿತ್ಸೆಯ ಅಂತರರಾಷ್ಟ್ರೀಯ ಗುರುತು. ಅದನ್ನೇ ಬರೆಸಿ.

ಏನೇನಿರಬೇಕು?

ಸುಮಾರು 150 ಮಕ್ಕಳ ಶಾಲೆಗೆ ಒಂದು ಪೆಟ್ಟಿಗೆಯಲ್ಲಿ ಇರಬೇಕಾದ ಸಾಮಾನುಗಳು ಇವು. ಎಲ್ಲವೂ ಊರಿನ ಔಷಧಿ ಅಂಗಡಿಯಲ್ಲಿ ಸಿಗುತ್ತವೆ.

1. ಕ್ರಿಮಿರಹಿತ ಗಾಜ್ ತುಂಡುಗಳು (ಬಿಡಿಬಿಡಿಯಾಗಿ ಮುಚ್ಚಿದ ಪೊಟ್ಟಣ) – 20
2. ಸುತ್ತುವ ಬ್ಯಾಂಡೇಜು, 2 ಅಂಗುಲ ಮತ್ತು 4 ಅಂಗುಲ ಅಗಲದವು – ತಲಾ 6
3. ತ್ರಿಕೋನ ಬ್ಯಾಂಡೇಜು – 4
4. ಕ್ರೇಪ್ ಬ್ಯಾಂಡೇಜು – 2
5. ಸಣ್ಣ ಗಾಯಕ್ಕೆ ಅಂಟಿಸುವ ಪಟ್ಟಿಗಳು – 50
6. ಅಂಟು ಟೇಪು – 2 ಸುರುಳಿ
7. ಹತ್ತಿ – 1 ಕಟ್ಟು
8. ಬಳಸಿ ಬಿಸಾಡುವ ಕೈಗವಸು – 10 ಜೊತೆ
9. ಸಾಬೂನು, ಗಾಯ ತೊಳೆಯಲು ಸಲೈನ್ – 2 ಸಣ್ಣ ಬಾಟಲಿ
10. ಪೊವಿಡೋನ್ ಅಯೊಡಿನ್ ಮುಲಾಮು ಅಥವಾ ದ್ರಾವಣ – 1
11. ಮೊಂಡು ತುದಿಯ ಕತ್ತರಿ, ಚಿಮುಟ, ಒಂದು ಡಜನ್ ಸೇಫ್ಟಿ ಪಿನ್
12. ಡಿಜಿಟಲ್ ಥರ್ಮಾಮೀಟರ್ – 1
13. ಓ.ಆರ್.ಎಸ್. ಪೊಟ್ಟಣ – 10. ಗ್ಲೂಕೋಸ್ ಪುಡಿ ಅಥವಾ ಸಕ್ಕರೆ
14. ಮೂಳೆ ಮುರಿದಾಗ ಆಸರೆ ಕೊಡಲು ಮರದ ಪಟ್ಟಿ – 2
15. ಟಾರ್ಚು, ಪುಸ್ತಕ, ಪೆನ್ನು

ಗಾಜಿನ ಥರ್ಮಾಮೀಟರ್ ಒಡೆದರೆ ಪಾದರಸ ಚೆಲ್ಲುತ್ತದೆ. ಆದ್ದರಿಂದ ಡಿಜಿಟಲ್ ಆದುದನ್ನೇ ತನ್ನಿ. ಹತ್ತಿಯನ್ನು ಗಾಯದ ಮೇಲೆ ನೇರವಾಗಿ ಇಡಬೇಡಿ. ಅದರ ಎಳೆಗಳು ಅಂಟಿಕೊಂಡು, ಬಿಡಿಸುವಾಗ ಮತ್ತೆ ರಕ್ತ ಬರುತ್ತದೆ. ಮೊದಲು ಗಾಜ್, ಅದರ ಮೇಲೆ ಬೇಕಿದ್ದರೆ ಹತ್ತಿ.

ಪಟ್ಟಿಯಲ್ಲಿ ಅತ್ಯಂತ ಉಪಯುಕ್ತವಾದದ್ದು ತ್ರಿಕೋನ ಬ್ಯಾಂಡೇಜು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಶಸ್ತ್ರವೈದ್ಯ ಎಸ್ಮಾರ್ಕ್ ಇದನ್ನು ಸೈನಿಕರಿಗಾಗಿ ಬಳಕೆಗೆ ತಂದ. ಕೈಗೆ ಜೋಲಿಯಾಗಿ, ತಲೆಗೆ ಕಟ್ಟಾಗಿ, ಮಡಿಚಿದರೆ ಪಟ್ಟಿಯಾಗಿ ಇದನ್ನು ಬಳಸಬಹುದು. ಒಂದು ಮೀಟರ್ ಚೌಕದ ಶುಭ್ರವಾದ ಕಾಟನ್ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಸಿದ್ಧ.

ಯಾವುದು ಬೇಡ?

ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರಿಸುತ್ತದೆ, ನೋಡಲು ಚೆನ್ನಾಗಿರುತ್ತದೆ. ಆದರೆ ಅದು ಕ್ರಿಮಿಗಳ ಜೊತೆ ಆರೋಗ್ಯವಾದ ಜೀವಕೋಶಗಳನ್ನೂ ಕೊಲ್ಲುತ್ತದೆ. ಸ್ಪಿರಿಟ್ಟಿನದೂ ಇದೇ ಕಥೆ. ಮಗು ಉರಿಯಿಂದ ಕಿರುಚುವುದು ಬೇರೆ. ನಮ್ಮ ಬಾಲ್ಯದ ಕೆಂಪು ಔಷಧಿ ಮರ್ಕ್ಯುರೋಕ್ರೋಮಿನಲ್ಲಿ ಪಾದರಸವಿದೆ. ಇವನ್ನೆಲ್ಲ ಹೊರಗಿಡಿ. ಹರಿಯುವ ನೀರು ಮತ್ತು ಸಾಬೂನು ಸಾಮಾನ್ಯ ಗಾಯಕ್ಕೆ ಉತ್ತಮ ಔಷಧ.

ಇನ್ನು ಮಾತ್ರೆಗಳು. ಜ್ವರ ಬಂದ ಮಗುವಿಗೆ ಆಸ್ಪಿರಿನ್ ಕೊಡಲೇಬಾರದು. ವೈರಸ್ ಜ್ವರವಿದ್ದಾಗ ಅದನ್ನು ನುಂಗಿದ ಮಕ್ಕಳಲ್ಲಿ ಮೆದುಳು ಮತ್ತು ಯಕೃತ್ತಿಗೆ ಅಪಾಯ ತರುವ ರೇ ಸಿಂಡ್ರೋಮ್ ಕಾಣಿಸಿಕೊಳ್ಳಬಹುದು. ಪ್ಯಾರಾಸಿಟಮಾಲ್ ಸುರಕ್ಷಿತವೆಂದರೂ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ. ಬೆಳಿಗ್ಗೆ ಮನೆಯಲ್ಲಿ ಒಂದು ಸಲ ಕೊಟ್ಟಿದ್ದರೆ ಶಿಕ್ಷಕರಿಗೆ ಗೊತ್ತಾಗುವುದು ಹೇಗೆ? ಆದ್ದರಿಂದ ಪೋಷಕರನ್ನು ಕೇಳದೆ ಯಾವ ಮಾತ್ರೆಯನ್ನೂ ಕೊಡಬೇಡಿ.

ಆಸ್ತಮಾ, ಮೂರ್ಛೆರೋಗ, ಸಕ್ಕರೆ ಕಾಯಿಲೆ ಅಥವಾ ಅಲರ್ಜಿ ಇರುವ ಮಕ್ಕಳ ವಿಷಯ ಬೇರೆ. ವರ್ಷದ ಆರಂಭದಲ್ಲೇ ಇಂಥ ಮಕ್ಕಳ ಪಟ್ಟಿ ಮಾಡಿ. ಅವರ ಇನ್‌ಹೇಲರ್ ಅಥವಾ ಔಷಧಿಯನ್ನು ಹೆಸರು, ತರಗತಿ, ವೈದ್ಯರ ಚೀಟಿ ಮತ್ತು ಪೋಷಕರ ಒಪ್ಪಿಗೆಯೊಡನೆ ಪ್ರತ್ಯೇಕ ಡಬ್ಬಿಯಲ್ಲಿಡಿ. ಪೋಷಕರೇ, ಮಗುವಿನ ಕಾಯಿಲೆಯನ್ನು ಶಾಲೆಯಿಂದ ಮುಚ್ಚಿಡಬೇಡಿ.

ಬಳಸುವುದು ಹೇಗೆ?

ರಕ್ತ ಸುರಿಯುತ್ತಿದ್ದರೆ: ಕೈಗವಸು ಹಾಕಿಕೊಳ್ಳಿ. ಗಾಜ್ ಇಟ್ಟು ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ. ಹೆಪ್ಪುಗಟ್ಟುತ್ತಿರುವ ರಕ್ತ ಕಿತ್ತುಬರುತ್ತದೆ. ಗಾಜ್ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನಿಡಿ. ಗಾಯದಲ್ಲಿ ನೆಟ್ಟಿರುವ ವಸ್ತುವನ್ನು ಕೀಳಬೇಡಿ.

ಮೂಗಿನಿಂದ ರಕ್ತ ಬಂದರೆ: ಮಗುವನ್ನು ಕೂರಿಸಿ ಮುಂದಕ್ಕೆ ಬಾಗಿಸಿ. ಮೂಗಿನ ಮೃದುವಾದ ಭಾಗವನ್ನು ಹತ್ತು ನಿಮಿಷ ಹಿಂಡಿ ಹಿಡಿಯಿರಿ, ಬಾಯಲ್ಲಿ ಉಸಿರಾಡಲು ಹೇಳಿ. ತಲೆ ಹಿಂದಕ್ಕೆ ಎತ್ತಿಸಿದರೆ ರಕ್ತ ಗಂಟಲಿಗೆ ಇಳಿದು ವಾಂತಿಯಾಗುತ್ತದೆ.

ಸುಟ್ಟಿದ್ದರೆ: ಇಪ್ಪತ್ತು ನಿಮಿಷ ನಲ್ಲಿಯ ನೀರು ಹರಿಸಿ. ಮಂಜುಗಡ್ಡೆ, ಟೂತ್‌ಪೇಸ್ಟು, ಶಾಯಿ, ಬೆಣ್ಣೆ ಬೇಡ. ಗುಳ್ಳೆ ಒಡೆಯಬೇಡಿ. ಪ್ರಯೋಗಶಾಲೆಯ ಆಮ್ಲ ಚೆಲ್ಲಿದರೂ ನೀರೇ ಮದ್ದು.

ಮೂಳೆ ಮುರಿದಂತಿದ್ದರೆ: ಎಳೆದು ಸರಿಪಡಿಸಲು ಹೋಗಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಇದ್ದ ಸ್ಥಿತಿಯಲ್ಲೇ ಮರದ ಪಟ್ಟಿ ಕಟ್ಟಿ, ಕೈಯಾದರೆ ಜೋಲಿ ಹಾಕಿ. ಪಟ್ಟಿ ಇಲ್ಲದಿದ್ದರೆ ದಪ್ಪಗೆ ಸುತ್ತಿದ ದಿನಪತ್ರಿಕೆಯೂ ಆದೀತು.

ತಲೆಗೆ ಪೆಟ್ಟಾಗಿದ್ದರೆ: ಮಗು ಆಟಕ್ಕೆ ಮರಳುವುದು ಬೇಡ. ಪ್ರಜ್ಞೆ ತಪ್ಪಿದ್ದರೆ, ವಾಂತಿ, ಮಂಪರು, ತೊದಲು ಮಾತು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಏನೂ ಕಾಣದಿದ್ದರೂ ಮನೆಯವರಿಗೆ ತಿಳಿಸಿ.

ಹಲ್ಲು ಬುಡಸಹಿತ ಬಿದ್ದರೆ: ಹಾಲು ಹಲ್ಲಾದರೆ ಬಿಡಿ. ಶಾಶ್ವತ ಹಲ್ಲಾದರೆ ಬೇರಿನ ಭಾಗ ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿ, ಮಗುವಿನೊಡನೆ ದಂತವೈದ್ಯರ ಬಳಿಗೆ ಒಯ್ಯಿರಿ. ಒಂದು ಗಂಟೆಯೊಳಗೆ ತಲುಪಿದರೆ ಅದು ಮತ್ತೆ ಕೂರುವ ಸಾಧ್ಯತೆ ಹೆಚ್ಚು.

ಮೂರ್ಛೆ (ಫಿಟ್ಸ್) ಬಂದರೆ: ಕೈಯಲ್ಲಿ ಕಬ್ಬಿಣ, ಬೀಗದ ಕೈ ಇಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ಸುತ್ತಲಿನ ಬೆಂಚು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಪಕ್ಕಕ್ಕೆ ಹೊರಳಿಸಿ. ಗಡಿಯಾರ ನೋಡಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ ಅಥವಾ ಇದೇ ಮೊದಲ ಸಲವಾದರೆ 108ಕ್ಕೆ ಕರೆ ಮಾಡಿ.

ನಾಯಿ ಕಚ್ಚಿದರೆ: ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಕಳುಹಿಸಿ. ರೇಬಿಸ್ ಒಮ್ಮೆ ಕಾಣಿಸಿಕೊಂಡರೆ ಉಳಿಯುವುದು ಅತಿ ವಿರಳ. ಸಕಾಲದಲ್ಲಿ ಲಸಿಕೆ ಕೊಟ್ಟರೆ ತಪ್ಪಿಸಬಹುದು. ತರಚಿದ ಗಾಯವೆಂದು ಉಪೇಕ್ಷಿಸಬೇಡಿ.

ಪೆಟ್ಟಿಗೆಯಲ್ಲಿ ಇಲ್ಲದ ಔಷಧ

2019ರ ನವೆಂಬರಿನಲ್ಲಿ ನಮ್ಮ ನೆರೆಯ ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯೊಂದರಲ್ಲಿ, ತರಗತಿಯ ನೆಲದಲ್ಲಿದ್ದ ಬಿಲದಿಂದ ಬಂದ ಹಾವು ಐದನೆಯ ತರಗತಿಯ ಬಾಲಕಿಯೊಬ್ಬಳ ಕಾಲಿಗೆ ಕಡಿಯಿತು. ಆಸ್ಪತ್ರೆಗೆ ಒಯ್ಯಲು ಶಾಲೆಯಲ್ಲಿ ತಡಮಾಡಿದರೆಂದು ಅವಳ ಸಹಪಾಠಿಗಳೇ ಹೇಳಿದರು. ಮಗು ಉಳಿಯಲಿಲ್ಲ.

ಹಾವಿನ ವಿಷಕ್ಕೆ ಮದ್ದು ಒಂದೇ, ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ. ಅದು ಯಾವ ಶಾಲೆಯ ಪೆಟ್ಟಿಗೆಯಲ್ಲೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಕಚ್ಚಿದ್ದು ಹಾವೋ ಇಲಿಯೋ ಎಂದು ಚರ್ಚಿಸುತ್ತಾ ಕೂರಬೇಡಿ. ಕಟ್ಟುಹಾವು ಕಡಿದಾಗ ಹಲ್ಲಿನ ಗುರುತೇ ಕಾಣದಿರಬಹುದು. ಮಗು ಹೇಳಿದ್ದನ್ನು ನಂಬಿ ಹೊರಡಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಎಲ್ಲವೂ ಹಾನಿಕರ. ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಮರದ ಪಟ್ಟಿ ಕಟ್ಟಿ ಕಾಲು ಅಲುಗದಂತೆ ಮಾಡಿ. ಮಗುವನ್ನು ನಡೆಸದೆ ಎತ್ತಿಕೊಂಡು ಹೋಗಿ. ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಇಂದೇ ವಿಚಾರಿಸಿ, ಅದರ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಜೊತೆಗೆ 108, 112 ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಸಂಖ್ಯೆಯೂ ಇರಲಿ. ಶಾಲೆಯ ಬಿಲ, ಬಿರುಕುಗಳನ್ನು ಮುಚ್ಚಿಸುವುದೂ ಪ್ರಥಮ ಚಿಕಿತ್ಸೆಗೆ ಮೊದಲು ಮಾಡಬೇಕಾದ ಕೆಲಸ.

ಯಾರ ಜವಾಬ್ದಾರಿ?

ಎಲ್ಲರ ಕೆಲಸ ಯಾರ ಕೆಲಸವೂ ಆಗುವುದಿಲ್ಲ. ಆದ್ದರಿಂದ ಒಬ್ಬ ಶಿಕ್ಷಕರಿಗೆ ಈ ಹೊಣೆ ವಹಿಸಿ; ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳಲು ಇನ್ನೊಬ್ಬರಿರಲಿ. ಇಬ್ಬರಿಗೂ ತರಬೇತಿ ಬೇಕು. ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆ ತರಬೇತಿ ನೀಡುತ್ತವೆ. ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳಿಗೂ ಬ್ಯಾಂಡೇಜು ಕಟ್ಟುವುದು ಗೊತ್ತಿರುತ್ತದೆ.

ಪ್ರತಿ ತಿಂಗಳ ಮೊದಲ ಶನಿವಾರ ಪೆಟ್ಟಿಗೆ ತೆರೆದು ಪಟ್ಟಿಯೊಡನೆ ತಾಳೆ ನೋಡಿ. ಅವಧಿ ಮುಗಿದದ್ದನ್ನು ತೆಗೆಯಿರಿ, ಖರ್ಚಾದದ್ದನ್ನು ತುಂಬಿಸಿ. ಯಾವ ಮಗುವಿಗೆ, ಎಷ್ಟು ಹೊತ್ತಿಗೆ, ಏನಾಯಿತು, ಏನು ಮಾಡಿದಿರಿ ಎಂದು ಪುಸ್ತಕದಲ್ಲಿ ಬರೆಯಿರಿ. ಆ ಪುಸ್ತಕ ವೈದ್ಯರಿಗೆ ನೆರವಾಗುತ್ತದೆ. ಒಂದೇ ಮೆಟ್ಟಿಲ ಮೇಲೆ ಮೂರು ಮಕ್ಕಳು ಜಾರಿದ್ದರೆ ರಿಪೇರಿ ಆಗಬೇಕಾದದ್ದು ಎಲ್ಲಿ ಎಂದೂ ಅದರಿಂದ ತಿಳಿಯುತ್ತದೆ.

ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟರೆಂಬ ಗಾದೆ ನಮಗೆಲ್ಲ ಗೊತ್ತು. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿ ನೋಡಿದ ಮೇಲೆ, ಪ್ರಥಮ ಚಿಕಿತ್ಸೆ ಪೆಟ್ಟಿಗೆಯನ್ನೂ ತೋರಿಸಿ ಎಂದು ಕೇಳಿ. ಖಾಲಿಯಿದ್ದರೆ ದೂರುವುದರ ಜೊತೆಗೆ ನಾಲ್ಕಾರು ಪೋಷಕರು ಸೇರಿ ತುಂಬಿಸಿಕೊಡಿ.