ಟೇಪಿಗೆ ನಿಲುಕದವರ ಮಾಡೆಲಿಂಗ್

ಮಾಡೆಲ್ ಎಂದೊಡನೆ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಬಳುಕುವ ಮೈ, ಕೊಕ್ಕರೆಯಂಥ ಕತ್ತು, ಝಗಮಗಿಸುವ ದೀಪಗಳ ನಡುವೆ ನಗುವುದನ್ನೇ ಮರೆತಂಥ ಮುಖ, ಮಾರ್ಜಾಲ ನಡಿಗೆ. 1994ರಲ್ಲಿ ಸುಶ್ಮಿತಾ ಸೇನ್ ಭುವನಸುಂದರಿಯಾಗಿ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿಯಾಗಿ ಕಿರೀಟ ತೊಟ್ಟ ಮೇಲಂತೂ ಈ ಚಿತ್ರ ನಮ್ಮ ಕಾಲೇಜು ಹುಡುಗಿಯರ ಮನಸ್ಸಿನಲ್ಲಿ ಅಚ್ಚೊತ್ತಿ ಕುಳಿತಿತು. ಅಂದಿನಿಂದ ಇಂದಿನವರೆಗೆ ಗೋಡೆಗೆ ಬೆನ್ನು ಹಚ್ಚಿ, ಪೆನ್ಸಿಲಿನಿಂದ ಗೆರೆ ಎಳೆದು, ‘ಇನ್ನು ನಾಲ್ಕು ಇಂಚು ಇದ್ದಿದ್ದರೆ...’ ಎಂದು ನಿಟ್ಟುಸಿರು ಬಿಟ್ಟವರೆಷ್ಟೋ!

ಆ ನಾಲ್ಕು ಇಂಚು ಯಾಕೆ ಬೇಕು ಎಂದು ಮಾತ್ರ ಹೆಚ್ಚಿನವರು ಕೇಳುವುದಿಲ್ಲ.

ಉತ್ತರ ಇರುವುದು ಹೊಲಿಗೆ ಯಂತ್ರದ ಬಳಿ. ವಸ್ತ್ರ ವಿನ್ಯಾಸಕರು ಪ್ರದರ್ಶನಕ್ಕೆಂದು ಸಿದ್ಧಪಡಿಸುವ ಉಡುಪು ಅಂಗಡಿಗೆ ಬರುವ ಮಾಲಲ್ಲ. ಒಂದು ವಿನ್ಯಾಸಕ್ಕೆ ಸಾಮಾನ್ಯವಾಗಿ ಒಂದೇ ಮಾದರಿ, ಅದೂ ಒಂದೇ ಅಳತೆಯದು. ತೆರೆಯ ಹಿಂದೆ ಒಬ್ಬೊಬ್ಬ ಹುಡುಗಿಗೂ ಬಿಚ್ಚಿ ಹೊಲಿಯಲು ಪುರುಸೊತ್ತೆಲ್ಲಿ? ಹಾಗಾಗಿ ಉಡುಪಿಗೆ ಒಪ್ಪುವ ಮೈಯನ್ನೇ ಹುಡುಕುತ್ತಾರೆ. ಹೆಣ್ಣುಮಕ್ಕಳಿಗೆ ಸುಮಾರು ಐದಡಿ ಎಂಟು ಇಂಚು, ಗಂಡುಮಕ್ಕಳಿಗೆ ಆರಡಿ ಎಂಬ ಲೆಕ್ಕ ಬಳಕೆಗೆ ಬಂದದ್ದಕ್ಕೆ ಇದೊಂದು ದೊಡ್ಡ ಕಾರಣ. ದರ್ಜಿಯ ಅನುಕೂಲಕ್ಕೆ ಹುಟ್ಟಿದ ಅಳತೆಯನ್ನು ರೂಪದ ತೀರ್ಪೆಂದು ತಿಳಿದು ಹದಿನೆಂಟರ ಹುಡುಗಿ ಊಟ ಬಿಡುವುದು ಎಂಥ ವಿಪರ್ಯಾಸ!

ಅಳತೆ ಮೀರಿ ಗೆದ್ದವರಿಲ್ಲವೇ? ಇದ್ದಾರೆ. 1966ರಲ್ಲಿ ಲಂಡನ್ನಿನಲ್ಲಿ ಮನೆಮಾತಾದ ಟ್ವಿಗ್ಗಿಯ ಎತ್ತರ ಐದಡಿ ಆರು ಇಂಚು. ಆದರೆ ಲಕ್ಷಕ್ಕೊಬ್ಬರನ್ನು ತೋರಿಸಿ ರ‍್ಯಾಂಪಿನ ಬಾಗಿಲು ತಟ್ಟುತ್ತ ಕೂರುವುದಕ್ಕಿಂತ, ಪಕ್ಕದಲ್ಲೇ ತೆರೆದಿರುವ ಬಾಗಿಲುಗಳನ್ನು ನೋಡುವುದು ಜಾಣತನ.

ಲಲಿತಾಜಿಯ ದಾರಿ

1980ರ ದಶಕದಲ್ಲಿ ದೂರದರ್ಶನ ನೋಡಿದವರು ಸರ್ಫ್ ಜಾಹೀರಾತಿನ ಲಲಿತಾಜಿಯನ್ನು ಮರೆತಿರಲಾರರು. ಸೆರಗು ಸರಿಯಾಗಿ ಹೊದ್ದು, ಪೈಸೆ ಪೈಸೆಗೂ ಲೆಕ್ಕ ಕೇಳುತ್ತಿದ್ದ ಗಟ್ಟಿ ಗೃಹಿಣಿ. ಆ ಪಾತ್ರ ಮಾಡಿದ ಕವಿತಾ ಚೌಧರಿ ಮುಂದೆ ‘ಉಡಾನ್’ ಧಾರಾವಾಹಿಯಲ್ಲಿ ಪೊಲೀಸ್ ಅಧಿಕಾರಿಯಾಗಿ ಇನ್ನಷ್ಟು ಹೆಸರಾದರು. ಬಟ್ಟೆ ಒಗೆಯುವ ಪುಡಿ ಮಾರಲು ಲಲಿತಾಜಿ ಸುಂದರಿಯಾಗಬೇಕಿರಲಿಲ್ಲ. ‘ಈಕೆ ಮೋಸ ಹೋಗುವವಳಲ್ಲ’ ಎಂದು ನೋಡುವವರಿಗೆ ಅನ್ನಿಸಬೇಕಿತ್ತು, ಅಷ್ಟೇ.

ಜಾಹೀರಾತು ಲೋಕದಲ್ಲಿ ಹೆಚ್ಚು ಕೆಲಸ ಇರುವುದು ಇಂಥ ಮುಖಗಳಿಗೇ. ಕುಕ್ಕರ್ ಜಾಹೀರಾತಿಗೆ ಅತ್ತೆ ಬೇಕು, ವಿಮೆಗೆ ನಿವೃತ್ತ ಮೇಷ್ಟ್ರು ಬೇಕು, ಬ್ಯಾಂಕಿಗೆ ಕನ್ನಡಕದ ಗುಮಾಸ್ತ ಬೇಕು, ಗೊಬ್ಬರದ ಕಂಪನಿಗೆ ಬಿಸಿಲಲ್ಲಿ ಬೆಂದ ರೈತನ ಮುಖ ಬೇಕು. ಬೋಳುತಲೆ, ದಪ್ಪ ಮೀಸೆ, ಉಬ್ಬುಹಲ್ಲು, ಗುಂಗುರು ಕೂದಲು, ಅವಳಿ ಜವಳಿ ಯಾವುದೂ ಇಲ್ಲಿ ಕುಂದಲ್ಲ. ಮದುವೆ ಮಾರುಕಟ್ಟೆಯಲ್ಲಿ ಮೈನಸ್ ಆದದ್ದು ಜಾಹೀರಾತಿನಲ್ಲಿ ಪ್ಲಸ್ ಆಗುವುದುಂಟು.

ಇದಕ್ಕೆ ಸಾಕ್ಷಿ ಬೇಕೆಂದರೆ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮಾ ನಿರ್ದೇಶಿಸಿದ ಎರಡು ಜಾಹೀರಾತು ಸರಣಿಗಳನ್ನು ನೆನೆಯಬಹುದು. 2009ರ ಐಪಿಎಲ್ ಪಂದ್ಯಗಳ ನಡುವೆ ವೊಡಾಫೋನ್‌ಗಾಗಿ ಕಾಣಿಸಿಕೊಂಡ ಜೂಜೂಗಳನ್ನು ಅನೇಕರು ಕಂಪ್ಯೂಟರ್ ಚಿತ್ರಗಳೆಂದೇ ನಂಬಿದ್ದರು. ಮೊಟ್ಟೆಯಂಥ ದೊಡ್ಡ ತಲೆ, ಪುಟ್ಟ ಮೈ. ಒಳಗಿದ್ದವರು ನಿಜವಾದ ಮನುಷ್ಯರು. ತಲೆ ಇನ್ನೂ ದೊಡ್ಡದಾಗಿ ಕಾಣಲೆಂದೇ ತೆಳ್ಳನೆಯ, ಸಣ್ಣ ಮೈಕಟ್ಟಿನ ಹೆಂಗಸರನ್ನು ಆರಿಸಿ ಬಿಳಿಯ ಉಡುಪು ತೊಡಿಸಿದ್ದರು. ಎತ್ತರ ಸಾಲದು ಎಂಬುದೇ ಅಲ್ಲಿ ಅರ್ಹತೆ! ಎಂಟು ವರ್ಷಗಳ ನಂತರ, 2017ರಲ್ಲಿ ಅದೇ ಕಂಪನಿಗಾಗಿ ಗೋವಾ ಸುತ್ತುವ ವೃದ್ಧ ದಂಪತಿ ತೆರೆಗೆ ಬಂದರು. ಅವರು ಪದ್ಮಭೂಷಣ ಪುರಸ್ಕೃತ ಭರತನಾಟ್ಯ ಕಲಾವಿದ ವಿ.ಪಿ. ಧನಂಜಯನ್ ಮತ್ತು ಅವರ ಪತ್ನಿ ಶಾಂತಾ ಧನಂಜಯನ್. ಇಬ್ಬರೂ ಎಪ್ಪತ್ತು ದಾಟಿದವರು. ಜೀವನವಿಡೀ ಅಭಿನಯ ಮಾಡಿದ ಕಣ್ಣುಗಳಿಗೆ ಮೂವತ್ತು ಸೆಕೆಂಡಿನ ಜಾಹೀರಾತು ಯಾವ ಲೆಕ್ಕ? ಶಾಲೆಯಲ್ಲಿ ನಾಟಕ, ಯಕ್ಷಗಾನ, ಭರತನಾಟ್ಯ ಕಲಿತ ಮಕ್ಕಳು ಇದನ್ನು ಗಮನಿಸಬೇಕು. ಇಂಥ ಕೆಲಸದಲ್ಲಿ ಎರಡು ಇಂಚು ಎತ್ತರಕ್ಕಿಂತ ಎರಡು ವರ್ಷದ ರಂಗಾಭ್ಯಾಸ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮುಖ ಬೇಡ, ಕೈ ಸಾಕು

ಬಳೆ, ಉಂಗುರ, ಗಡಿಯಾರ, ಮೊಬೈಲು, ಉಗುರುಬಣ್ಣ, ಚಹಾ ಲೋಟ... ಜಾಹೀರಾತಿನಲ್ಲಿ ಇವನ್ನು ಹಿಡಿದ ಕೈ ಬಹಳ ಸಲ ಮುಖ ತೋರಿಸಿದ ತಾರೆಯದಲ್ಲ. ಅದು ಬೇರೊಬ್ಬರ ಬಾಡಿಗೆ ಕೈ! ಕಲೆ ಇಲ್ಲದ ಚರ್ಮ, ನೀಟಾದ ಉಗುರು, ಎಲ್ಲಕ್ಕಿಂತ ಮಿಗಿಲಾಗಿ ನಡುಗದ ಬೆರಳು ಇಲ್ಲಿನ ಬಂಡವಾಳ. ಒಂದು ಹನಿ ಜೇನು ಬೀಳುವ ಕ್ಷಣಕ್ಕಾಗಿ ಚಮಚವನ್ನು ಗಂಟೆಗಟ್ಟಲೆ ಒಂದೇ ಕೋನದಲ್ಲಿ ಹಿಡಿದಿರುವುದು ಆಟವಲ್ಲ. ನ್ಯೂಯಾರ್ಕಿನ ಪ್ರಸಿದ್ಧ ಕೈ ರೂಪದರ್ಶಿ ಎಲೆನ್ ಸಿರೊಟ್ ತಮ್ಮ ಕೈಗಳನ್ನು ಕಾಪಾಡಲು ಸದಾ ಕೈಗವಸು ತೊಟ್ಟಿರುತ್ತಾರೆ, ಪಾತ್ರೆ ತೊಳೆಯುವ ಗೋಜಿಗೇ ಹೋಗುವುದಿಲ್ಲ. (ನಮ್ಮ ಮನೆಗಳಲ್ಲಿ ಈ ಕಾರಣ ಹೇಳಿದರೆ ಅಮ್ಮ ಒಪ್ಪುತ್ತಾರೆಯೇ ಎಂಬುದು ಬೇರೆ ಪ್ರಶ್ನೆ.) ಪಾದ, ಕಿವಿ, ಕತ್ತು, ಕೂದಲಿಗೂ ಹೀಗೆಯೇ ಬೇಡಿಕೆಯಿದೆ.

ಇನ್ನೊಂದು ಕೆಲಸದ ಹೆಸರನ್ನೇ ಬಹುಪಾಲು ಜನ ಕೇಳಿರುವುದಿಲ್ಲ: ಫಿಟ್ ಮಾಡೆಲ್. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಅಂಗಿ ಹೊಲಿಯುವ ಮೊದಲು ಮಾದರಿ ಅಂಗಿಯನ್ನು ಜೀವಂತ ಮೈ ಮೇಲೆ ತೊಡಿಸಿ ಪರೀಕ್ಷಿಸುತ್ತಾರೆ. ಕ್ಯಾಮೆರಾ ಇಲ್ಲ, ದೀಪ ಇಲ್ಲ. ಕೈ ಎತ್ತಿದಾಗ ಕಂಕುಳಲ್ಲಿ ಹಿಡಿಯುತ್ತದೆಯೇ, ಕೂತಾಗ ಸೊಂಟದ ಹಿಂದೆ ಬಾಯಿ ಬಿಡುತ್ತದೆಯೇ ಎಂದು ಸ್ಪಷ್ಟವಾಗಿ ಹೇಳಬಲ್ಲವರಿಗೆ ಇಲ್ಲಿ ಬೆಲೆ. ದಪ್ಪ ಮೈಯ ಉಡುಪಿಗೆ ದಪ್ಪ ಮೈಯವರೇ ಬೇಕು, ಗಿಡ್ಡ ಅಳತೆಗೆ ಗಿಡ್ಡ ಇರುವವರೇ ಬೇಕು. ತಿಂಗಳಿಂದ ತಿಂಗಳಿಗೆ ಅಳತೆ ಬದಲಾಗಬಾರದು, ಅಷ್ಟೇ. ಬೆಂಗಳೂರು ದೇಶದ ದೊಡ್ಡ ಸಿದ್ಧ ಉಡುಪು ಕೇಂದ್ರಗಳಲ್ಲೊಂದು ಎಂಬುದನ್ನು ಇಲ್ಲಿ ನೆನಪಿಡಬೇಕು. ಭಾರತೀಯರ ಮೈಗೆ ಭಾರತೀಯ ಅಳತೆ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಬೆಂಗಳೂರೂ ಸೇರಿ ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಜನರ ಮೈಯಳತೆ ತೆಗೆಯುವ ಯೋಜನೆಯನ್ನೇ ಹಾಕಿಕೊಂಡಿತು. ವಿದೇಶಿ ಅಳತೆ ನಮಗೆ ಸರಿಹೊಂದುವುದಿಲ್ಲ ಎಂಬುದು ಅಧಿಕೃತವಾಗಿಯೇ ಒಪ್ಪಿತವಾದಂತಾಯಿತಲ್ಲ!

ತೊನ್ನು ತಡೆಯಲಿಲ್ಲ

ಮೈಬಣ್ಣದ ಮಾತು ಬಂದರೆ ನಮ್ಮಲ್ಲಿ ಮನೆಯವರೇ ಮೊದಲ ತೀರ್ಪುಗಾರರು. ತೊನ್ನು ಎಂಬ ಪದವನ್ನಂತೂ ಪಿಸುಮಾತಿನಲ್ಲೇ ಹೇಳುತ್ತಾರೆ. ಕೆನಡಾದ ವಿನ್ನಿ ಹಾರ್ಲೋಗೆ ಬಾಲ್ಯದಿಂದಲೇ ತೊನ್ನು. ಶಾಲೆಯಲ್ಲಿ ಹಸು, ಜೀಬ್ರಾ ಎಂದು ಛೇಡಿಸಿದರು. 2014ರಲ್ಲಿ ಅಮೆರಿಕದ ರೂಪದರ್ಶಿ ಸ್ಪರ್ಧೆಯೊಂದರ ಟಿ.ವಿ. ಕಾರ್ಯಕ್ರಮಕ್ಕೆ ಹೋದಳು; ಗೆಲ್ಲಲಿಲ್ಲ. ಆದರೆ ಆ ಮುಖ ಮರೆಯುವಂಥದ್ದಾಗಿರಲಿಲ್ಲ. ಕೆಲಸದ ಮೇಲೆ ಕೆಲಸ ಬಂತು, 2018ರ ಹೊತ್ತಿಗೆ ಜಗತ್ತಿನ ಅತಿ ಪ್ರಚಾರದ ಫ್ಯಾಷನ್ ಪ್ರದರ್ಶನಗಳಲ್ಲಿ ನಡೆದಿದ್ದಳು. ಸುಡಾನಿನಿಂದ ಲಂಡನ್ನಿಗೆ ನಿರಾಶ್ರಿತಳಾಗಿ ಬಂದ ಕಡುಗಪ್ಪು ಬಣ್ಣದ ಅಲೆಕ್ ವೆಕ್ 1997ರಲ್ಲೇ ‘ಎಲ್’ ಪತ್ರಿಕೆಯ ಮುಖಪುಟದಲ್ಲಿದ್ದಳು. ಎರಡೂ ಕಾಲು ಮೊಣಕಾಲ ಕೆಳಗೆ ಇಲ್ಲದ ಅಮೆರಿಕದ ಓಟಗಾರ್ತಿ ಏಮಿ ಮಲಿನ್ಸ್ 1998ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಮೆಕ್ವೀನ್ ಪ್ರದರ್ಶನದಲ್ಲಿ ಕೆತ್ತನೆಯ ಮರದ ಕಾಲುಗಳ ಮೇಲೆ ನಡೆದಾಗ, ನೋಡುತ್ತಿದ್ದವರು ಅವನ್ನು ಬೂಟುಗಳೆಂದೇ ಭಾವಿಸಿದರಂತೆ.

ನಮ್ಮಲ್ಲೂ ಗಾಳಿ ತುಸು ತಿರುಗಿದೆ. ಕಪ್ಪು ಬಣ್ಣವನ್ನು ಕೀಳಾಗಿ ತೋರಿಸುವ ಜಾಹೀರಾತು ಸಲ್ಲದೆಂದು ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲಿ ನಿಯಮ ತಂದಿತು. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ಅನ್ನು ಕೈಬಿಟ್ಟಿತು. ಆದರೂ ಎಚ್ಚರ ಬೇಕು. ವಿಶಿಷ್ಟ ಮುಖದವರನ್ನು ಒಂದು ಸಲ ಕರೆದು, ಚಪ್ಪಾಳೆ ತಟ್ಟಿ, ಆಮೇಲೆ ಮರೆಯುವ ಚಾಳಿಯೂ ಈ ರಂಗದಲ್ಲಿದೆ. ಎರಡನೆಯ ಸಲ ಯಾರು ಕರೆಯುತ್ತಾರೆ, ಸಂಭಾವನೆ ಎಷ್ಟು ಕೊಡುತ್ತಾರೆ ಎಂಬುದರಿಂದ ಅವಕಾಶದ ನಿಜ ಬೆಲೆ ತಿಳಿಯುತ್ತದೆ.

ಮೊದಲೇ ಹಣ ಕೇಳಿದರೆ

ಹೆತ್ತವರ ಭಯ ಸುಳ್ಳಲ್ಲ. ಮೋಸಗಾರರು ಹುಡುಕುವುದೂ ರ‍್ಯಾಂಪಿನಲ್ಲಿ ‘ಇಲ್ಲ’ ಎನ್ನಿಸಿಕೊಂಡ ಇಂಥ ಮಕ್ಕಳನ್ನೇ. ‘ನಿಮ್ಮ ಮಗಳ ಮುಖ ವಿಶೇಷ’ ಎಂದು ಹೊಗಳಿ, ನೋಂದಣಿ ಶುಲ್ಕ, ತಮ್ಮದೇ ಸ್ಟುಡಿಯೋದಲ್ಲಿ ಪೋರ್ಟ್‌ಫೋಲಿಯೊ, ತಮ್ಮದೇ ತರಬೇತಿ ಎಂದು ಸಾವಿರಾರು ರೂಪಾಯಿ ಕೀಳುತ್ತಾರೆ. ನೆಟ್ಟಗಿನ ಏಜೆನ್ಸಿ ಕೆಲಸ ಕೊಡಿಸಿದ ಮೇಲೆ ಬಂದ ಹಣದಲ್ಲಿ ತನ್ನ ಪಾಲು ಹಿಡಿಯುತ್ತದೆ. ಮೊದಲೇ ಕೈ ಚಾಚಿದವರ ಮೆಟ್ಟಿಲು ಇಳಿದು ಬರುವುದೇ ಕ್ಷೇಮ. ರಾತ್ರಿ ಹೊತ್ತು, ಹೋಟೆಲು ಕೋಣೆಯಲ್ಲಿ, ‘ಒಬ್ಬಳೇ ಬಾ’ ಎಂದವರ ಬಗ್ಗೆ ಬೇರೆ ಹೇಳಬೇಕಿಲ್ಲ.

ಒಪ್ಪಂದಪತ್ರದಲ್ಲಿ ಫೋಟೋ ಎಷ್ಟು ಕಾಲ, ಯಾವ ಮಾಧ್ಯಮದಲ್ಲಿ, ಯಾವ ಊರು-ದೇಶದಲ್ಲಿ ಬಳಸುತ್ತಾರೆ ಎಂಬುದು ಬರೆದಿರಬೇಕು. ಇಲ್ಲದಿದ್ದರೆ ಒಂದು ದಿನದ ಕೂಲಿಗೆ ಮಗಳ ಮುಖ ಹತ್ತು ವರ್ಷ ಗೋಡೆ ಮೇಲಿದ್ದೀತು. ಹದಿನಾಲ್ಕರೊಳಗಿನ ಮಕ್ಕಳಿಗೆ ಕಾನೂನಿನ ರಕ್ಷಣೆಯೇ ಇದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಮತ್ತು 2017ರ ನಿಯಮಗಳ ಪ್ರಕಾರ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಚಿತ್ರೀಕರಣ ಸಲ್ಲದು. ಗಳಿಕೆಯಲ್ಲಿ ಕನಿಷ್ಠ ಶೇಕಡಾ 20 ಭಾಗ ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ಹೋಗಬೇಕು. ಓದು ನಿಲ್ಲುವಂತಿಲ್ಲ.

ಆರಂಭಕ್ಕೆ ದುಬಾರಿ ಆಲ್ಬಂ ಬೇಡ. ಹಗಲು ಬೆಳಕಿನಲ್ಲಿ, ಮೇಕಪ್ ಇಲ್ಲದೆ, ಸಾದಾ ಉಡುಪಿನಲ್ಲಿ ಎದುರಿನಿಂದ, ಪಕ್ಕದಿಂದ, ಪೂರ್ತಿ ನಿಂತು ತೆಗೆದ ನಾಲ್ಕು ಫೋಟೋ ಸಾಕು. ಕೈಯ ಕೆಲಸಕ್ಕಾದರೆ ಕೈಯದೂ ಎರಡು. ಎತ್ತರ ಎಷ್ಟಿದೆಯೋ ಅಷ್ಟೇ ಬರೆಯಬೇಕು. ಜೊತೆಗೆ ಬಲ್ಲ ಭಾಷೆಗಳು, ಈಜು, ಸೈಕಲ್, ವೀಣೆ, ಕುದುರೆ ಸವಾರಿ, ಗೊತ್ತಿರುವುದೆಲ್ಲವನ್ನೂ. ಇದು ತಿಂಗಳ ಸಂಬಳದ ನೌಕರಿಯಲ್ಲ; ಒಂದು ತಿಂಗಳು ಮೂರು ಕೆಲಸ ಬಂದರೆ ಮುಂದಿನ ಮೂರು ತಿಂಗಳು ಖಾಲಿ ಇರಬಹುದು. ಚಿತ್ರೀಕರಣದ ದಿನ ನಿಗದಿಯಾಗುವುದೂ ಎಷ್ಟೋ ಸಲ ಎರಡು ದಿನ ಮುಂಚೆ. ಆದ್ದರಿಂದ ಕಾಲೇಜಿಗೆ ಹೋಗುವವರು ಫೋಟೋಗಳ ಜೊತೆ ಪರೀಕ್ಷೆಯ ವೇಳಾಪಟ್ಟಿಯನ್ನೂ ಏಜೆನ್ಸಿಗೆ ಕೊಟ್ಟುಬಿಡುವುದು ಒಳ್ಳೆಯದು.