ಮರಿ ಹಾವು ಅಂತ ಹಗುರವಾಗಿ ತಗೋಬೇಡಿ

ರಾತ್ರಿ ತ್ರೀ ಫೇಸ್ ಕರೆಂಟ್ ಬಂತು ಅಂತ ಬರಿಗಾಲಲ್ಲೇ ಮೋಟರ್ ಹಾಕೋಕೆ ಓಡ್ತೀರಾ? ಮುಂಗಾರಿನಲ್ಲಿ ಸ್ವಲ್ಪ ಎಚ್ಚರ. ಹೊಲದಲ್ಲಿ ಹಾವಿನ ಮರಿಗಳು ಓಡಾಡುವ ಕಾಲ ಇದು.

ಕೊಳಕುಮಂಡಲ ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ಒಂದೇ ಸಲಕ್ಕೆ 20–40 ಮರಿ ಸಾಮಾನ್ಯ. ನಾಗರಹಾವು ಹುತ್ತ, ಇಲಿ ಬಿಲಗಳಲ್ಲಿ ಇಟ್ಟ ಮೊಟ್ಟೆಗಳು ಸುಮಾರು ಎರಡು ತಿಂಗಳಿಗೆ ಒಡೆಯುತ್ತವೆ. ಎರಡರ ಮರಿಗಳಿಗೂ ಹುಟ್ಟಿದ ದಿನದಿಂದಲೇ ವಿಷ ಇರುತ್ತದೆ. "ಚಿಕ್ಕದು, ಏನೂ ಆಗಲ್ಲ" ಅನ್ನೋದೇ ಅಪಾಯ. ಒಂದು ಮರಿ ಕಂಡರೆ ಸುತ್ತಮುತ್ತ ಇನ್ನಷ್ಟು ಇರಬಹುದು.

ಏನು ಮಾಡಬೇಕು?

• ಗಂಬೂಟು ಹಾಕಿ, ಒಳ್ಳೆ ಟಾರ್ಚ್ ಹಿಡಿದೇ ಹೋಗಿ.
• ಹುಲ್ಲು, ಸೌದೆ, ಗರಿ ಎತ್ತುವ ಮುಂಚೆ ಕೋಲಿನಿಂದ ಅಲುಗಾಡಿಸಿ.
• ಮನೆ, ಪಂಪ್‌ಹೌಸ್ ಸುತ್ತ ಕಳೆ ತೆಗೆಯಿರಿ. ಚೆಲ್ಲಿದ ಕಾಳಿಗೆ ಇಲಿ ಬರುತ್ತೆ, ಇಲಿ ಹಿಂದೆ ಹಾವು.
• ಮೊಟ್ಟೆ, ಮರಿ ಕಂಡರೆ ಮುಟ್ಟಬೇಡಿ, ಸೆಲ್ಫಿಯೂ ಬೇಡ. ಅರಣ್ಯ ಇಲಾಖೆಗೆ ತಿಳಿಸಿ. ಹಾವು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಉಂಗುರ, ವಾಚ್ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ. ಹಾವು ಹಿಡಿದು ತರುವ ಅಗತ್ಯವಿಲ್ಲ. ವಿಷಕ್ಕೆ ಮದ್ದು ಆಸ್ಪತ್ರೆಯ ಪ್ರತಿವಿಷದ ಇಂಜೆಕ್ಷನ್ ಒಂದೇ.

ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಸಿಗುತ್ತೆ? ಇವತ್ತೇ ವಿಚಾರಿಸಿ, ಆ ನಂಬರ್ ಮೊಬೈಲ್‌ನಲ್ಲಿ ಸೇವ್ ಮಾಡ್ಕೊಳ್ಳಿ. ಕಚ್ಚಿದ ಮೇಲೆ ಹುಡುಕುತ್ತಾ ಕೂರೋಕೆ ಸಮಯ ಇರಲ್ಲ.